ಖಿನ್ನತೆ ಅಳೆಯುವ ಫಾರ್ಮು: ನಮ್ಮ ಜಿಲ್ಲೆಗೆ ಯಾವುದು ಹೊಂದುತ್ತದೆ?

ಕಾರವಾರದ ಬೈತಖೋಲ್ ಬಂದರಿನ ಹತ್ತಿರ ಮೀನು ಮಾರುವ ಅಮ್ಮ ಒಬ್ಬರ ಎದುರು ಕೂತು ಪಿಎಚ್‌ಕ್ಯೂ-9 ಅನ್ನುವ ಖಿನ್ನತೆ ಅಳೆಯುವ ಫಾರ್ಮು ತುಂಬುತ್ತಿದ್ದೆ. ಜೂನ್ ತಿಂಗಳು, ಹೊರಗೆ ಜಡಿಮಳೆ. 'ಕಳೆದ ಎರಡು ವಾರದಲ್ಲಿ ಎಷ್ಟು ದಿನ ನಿಮಗೆ ಬೇಜಾರಾಗಿತ್ತು?' ಎಂದು ಓದಿದೆ. 'ದಿನಾ ಬೇಜಾರೇ ತಂಗಿ' ಅಂದರು. ನಾನು 'ಹೆಚ್ಚುಕಡಿಮೆ ದಿನಾ' ಅನ್ನುವ 3ಕ್ಕೆ ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋದೆ. ಎಲ್ಲ ಮುಗಿದು ಚಹಾ ಕುಡಿಯುವಾಗ ಅವರೇ ಹೇಳಿದರು: 'ಬೋಟು ಬಂದ್ ಅಲ್ವಾ, ಮಾಡೂಕೆ ಕೆಲ್ಸ ಇಲ್ಲ, ಹೊತ್ತೇ ಹೋಗುದಿಲ್ಲ.'

ಅವರದ್ದು ಹೊತ್ತು ಹೋಗದ ಬೇಜಾರು. ನಾನು ಬರೆದುಕೊಂಡದ್ದು ಖಿನ್ನತೆಯ ಬೇಜಾರು. ಕನ್ನಡದಲ್ಲಿ ಈ ಒಂದು ಶಬ್ದಕ್ಕೆ ಎಷ್ಟು ಕೆಲಸ ನೋಡಿ. ಸಿನಿಮಾ ಬೇಜಾರು, ಗಂಡ ಬೈದರೆ ಬೇಜಾರು, 'ಬೇಜಾರು ಮಾಡ್ಕೋಬೇಡಿ' ಅಂದರೆ ತಪ್ಪು ತಿಳಿಯಬೇಡಿ, 'ಜೀವನವೇ ಬೇಜಾರು' ಅಂದರೆ ಮಾತ್ರ ನಾವು ಎದ್ದು ಕೂರಬೇಕಾದ ಬೇಜಾರು.

ಈಗ ಎಂಎಸ್‌ಡಬ್ಲ್ಯೂ, ಮನಶ್ಶಾಸ್ತ್ರ, ನರ್ಸಿಂಗ್ ಓದುವ ಮಕ್ಕಳು ಪ್ರತಿ ವರ್ಷ ಕೇಳುತ್ತಾರೆ, 'ಅಕ್ಕಾ, ಪ್ರಾಜೆಕ್ಟಿಗೆ ಯಾವ ಸ್ಕೇಲ್ ತಗೊಳ್ಳಲಿ?' ಸ್ಕೇಲ್ ಅಂದರೆ ಇಂಥ ಅಳೆಯುವ ಫಾರ್ಮು. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಯಾತಕ್ಕೆ ಬೇಕು ಅಂತ ಮೊದಲು ಹೇಳಿ

ಖಿನ್ನತೆ ಇರುವವರನ್ನು ಹುಡುಕಲಿಕ್ಕಾ, ಅಂಥವರು ಎಷ್ಟು ಜನ ಅಂತ ಎಣಿಸಲಿಕ್ಕಾ, ಅಥವಾ ಚಿಕಿತ್ಸೆಯಲ್ಲಿ ಇರುವವರು ಸುಧಾರಿಸುತ್ತಿದ್ದಾರಾ ಅಂತ ನೋಡಲಿಕ್ಕಾ? ಈ ಮೂರು ಬೇರೆ ಬೇರೆ ಕೆಲಸ. ಹೆಚ್ಚಿನವರು ಎಡವುವುದು ಎಣಿಸುವ ಕಡೆ.

ಒಂದು ಲೆಕ್ಕ ಹಾಕೋಣ. ನಿಮ್ಹಾನ್ಸ್ 2015-16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ, ಆ ಹೊತ್ತಿಗೆ ಖಿನ್ನತೆ ಇದ್ದ ವಯಸ್ಕರು ಶೇ. 2.7. ಅದು 12 ರಾಜ್ಯಗಳ ಸಮೀಕ್ಷೆ, ಆ ಪಟ್ಟಿಯಲ್ಲಿ ಕರ್ನಾಟಕ ಇರಲಿಲ್ಲ. ಆದರೂ ಅಂದಾಜಿಗೆ ಅದನ್ನೇ ಹಿಡಿಯೋಣ. ಅಂಕೋಲಾದ ಒಂದು ಊರಲ್ಲಿ 1000 ಜನರಿಗೆ ಪಿಎಚ್‌ಕ್ಯೂ-9 ಕೊಟ್ಟಿರಿ. ನಿಜವಾಗಿ ಖಿನ್ನತೆ ಇರುವವರು 27. ಪಿಎಚ್‌ಕ್ಯೂ-9ರಲ್ಲಿ 10 ಅಥವಾ ಜಾಸ್ತಿ ಅಂಕ ಬಂದರೆ ಸಂಶಯ ಪಡಬೇಕು ಅಂತ 2001ರ ಮೂಲ ಅಮೆರಿಕನ್ ಅಧ್ಯಯನ ಹೇಳಿತು. ಅಲ್ಲಿ ಈ ಗೆರೆ, ಖಿನ್ನತೆ ಇದ್ದವರಲ್ಲಿ ಶೇ. 88 ಜನರನ್ನು ಹಿಡಿಯಿತು, ಇಲ್ಲದವರಲ್ಲಿ ಶೇ. 88 ಜನರನ್ನು ಸರಿಯಾಗಿ ಬಿಟ್ಟಿತು. ಕೇಳಲಿಕ್ಕೆ ಭಾರೀ ಚೆನ್ನಾಗಿದೆ ಅಲ್ವಾ? ಈಗ ಅಂಕೋಲಾಕ್ಕೆ ಬನ್ನಿ. 27ರಲ್ಲಿ 24 ಜನ ಸಿಕ್ಕರು. ಉಳಿದ 973 ಜನರಲ್ಲಿ ಶೇ. 12, ಅಂದರೆ ಸುಮಾರು 117 ಜನ, ಏನೂ ಇಲ್ಲದೆ ಬಲೆಗೆ ಬಿದ್ದರು. ಒಟ್ಟು 141. ಅದರಲ್ಲಿ ನಿಜವಾದವರು ಆರರಲ್ಲಿ ಒಬ್ಬರು.

ಆಮೇಲೆ ಯಾರೋ ಇದನ್ನು 'ತಾಲೂಕಿನ ಶೇ. 14 ಜನರಿಗೆ ಖಿನ್ನತೆ' ಅಂತ ಪೇಪರಿಗೆ ಕೊಡುತ್ತಾರೆ. ಐದು ಪಟ್ಟು ಜಾಸ್ತಿ! ಇದು ನನ್ನೊಬ್ಬಳ ಗೊಣಗಾಟ ಅಂದುಕೊಳ್ಳಬೇಡಿ. 2020ರಲ್ಲಿ 44 ಅಧ್ಯಯನಗಳ ಮಾಹಿತಿ ಒಟ್ಟು ಹಾಕಿ ನೋಡಿದಾಗ, ಪಿಎಚ್‌ಕ್ಯೂ-9ರ 10ರ ಗೆರೆ ತೋರಿಸಿದ ಪ್ರಮಾಣ ಸುಮಾರು ಶೇ. 25, ಅದೇ ಜನರ ಜೊತೆ ಕೂತು ಪೂರ್ತಿ ಸಂದರ್ಶನ ಮಾಡಿದಾಗ ಬಂದದ್ದು ಶೇ. 12. ಹಾಗಾಗಿ ಎಣಿಸಬೇಕಿದ್ದರೆ ಫಾರ್ಮು ಒಂದೇ ಸಾಲದು. ರಾಷ್ಟ್ರೀಯ ಸಮೀಕ್ಷೆಯವರೂ ಸುಮ್ನೆ ಟಿಕ್ ಹಾಕಿಸಲಿಲ್ಲ, ಮಿನಿ ಅನ್ನುವ ಸಂದರ್ಶನ ಕ್ರಮ ಬಳಸಿದರು. ಹುಡುಕಲಿಕ್ಕಾದರೆ ಈ 141 ಒಳ್ಳೆಯ ಸಂಖ್ಯೆಯೇ, ಆ 141 ಜನರ ಜೊತೆ ಕೂತು ಮಾತಾಡುವವರು ನಿಮ್ಮ ಹತ್ತಿರ ಇದ್ದರೆ.

ಯಾವುದು ಹೇಗೆ

ಪಿಎಚ್‌ಕ್ಯೂ-9ರಿಂದಲೇ ಶುರು ಮಾಡುತ್ತೇನೆ, ಯಾಕಂದರೆ ಹತ್ತರಲ್ಲಿ ಎಂಟು ಜನ ಕೊನೆಗೆ ಅದನ್ನೇ ತೆಗೆದುಕೊಳ್ಳುತ್ತಾರೆ, ತೆಗೆದುಕೊಂಡರೆ ತಪ್ಪೂ ಇಲ್ಲ. ಒಂಬತ್ತೇ ಪ್ರಶ್ನೆ, ಪ್ರತಿಯೊಂದಕ್ಕೂ 0ರಿಂದ 3, ಒಟ್ಟು 27. ದುಡ್ಡಿಲ್ಲ, ಅನುಮತಿ ಬೇಡ. ಇದರ ಮೊದಲ ಎರಡು ಪ್ರಶ್ನೆ ಆಶಾ ಕಾರ್ಯಕರ್ತೆಯರು 30 ದಾಟಿದವರಿಗೆ ತುಂಬಿಸುವ ಸರ್ಕಾರಿ ಪಟ್ಟಿಯಲ್ಲೂ ಬಂದಿವೆ. ಚಿಕಿತ್ಸೆ ಶುರುವಾದ ಮೇಲೆ ಮತ್ತೆ ಮತ್ತೆ ಕೇಳಲಿಕ್ಕೂ ಸುಲಭ.

ತೊಂದರೆ ಎಲ್ಲಿ? ಮೈಗೆ ಸೇರಿದ ಪ್ರಶ್ನೆಗಳಲ್ಲಿ. ನಿದ್ದೆ, ಸುಸ್ತು, ಹಸಿವು, ಒಂಬತ್ತರಲ್ಲಿ ಮೂರು ಇವೇ. ಶಿರಸಿ ಕಡೆ ಅಡಿಕೆ ಸುಲಿಯುವ ದಿನಗಳಲ್ಲಿ ಹೋಗಿ ಕೇಳಿ. ರಾತ್ರಿ ಹನ್ನೊಂದರವರೆಗೆ ಮೆಟ್ಟುಗತ್ತಿ ಮುಂದೆ ಕೂತವರಿಗೆ ನಿದ್ದೆಯೂ ಕಡಿಮೆ, ಸುಸ್ತೂ ಜಾಸ್ತಿ. ಮನಸ್ಸಿಗೆ ಏನೂ ಆಗದೆಯೇ 4-5 ಅಂಕ ಬಿದ್ದಾಯಿತು. ರಕ್ತ ಕಡಿಮೆ ಇರುವ ಹೆಂಗಸರಲ್ಲೂ, ಥೈರಾಯ್ಡ್ ಇರುವವರಲ್ಲೂ ಇದೇ ಕಥೆ. ಇನ್ನೊಂದು, ಕೆಲವು ಪ್ರಶ್ನೆ ಜೋಡಿ ಎತ್ತಿನ ಹಾಗಿವೆ. 'ನಿದ್ದೆ ಬರದಿರುವುದು ಅಥವಾ ಅತಿಯಾಗಿ ನಿದ್ದೆ ಮಾಡುವುದು', 'ನಿಧಾನವಾಗುವುದು ಅಥವಾ ಚಡಪಡಿಸುವುದು'. ಓದಿಕೊಂಡವರು ಹೇಗೋ ನಿಭಾಯಿಸುತ್ತಾರೆ. ಕೇಳಿ ಉತ್ತರಿಸುವವರು ಎರಡನೇ ಅರ್ಧಕ್ಕೆ ಮಾತ್ರ ಉತ್ತರ ಕೊಡುತ್ತಾರೆ, ಯಾಕಂದರೆ ಕಿವಿಯಲ್ಲಿ ಉಳಿದದ್ದು ಅದೇ.

ಬೆಕ್ ಪ್ರಶ್ನಾವಳಿಯ 1996ರ ಎರಡನೇ ಆವೃತ್ತಿ ಅಂದರೆ ಕಾಲೇಜುಗಳಲ್ಲಿ ಬಹಳ ಗೌರವ. 21 ಗುಂಪು, ಹೆಚ್ಚಿನ ಗುಂಪುಗಳಲ್ಲಿ ನಾಲ್ಕು ವಾಕ್ಯ, ಅದರಲ್ಲಿ ನಿಮಗೆ ಹೊಂದುವುದನ್ನು ಆರಿಸಬೇಕು. ಸರಾಗ ಓದುವವರಿಗೆ, ಆಸ್ಪತ್ರೆಯಲ್ಲಿ ಒಬ್ಬರೇ ಕೂತು ತುಂಬುವವರಿಗೆ ಸರಿ. ಮನೆ ಜಗಲಿಯಲ್ಲಿ ಕೂತು ಓದಿ ಹೇಳುವುದಕ್ಕೆ ಅಲ್ಲ. ಕೊನೆಯ ಪ್ರಶ್ನೆ ಲೈಂಗಿಕ ಆಸಕ್ತಿಯದ್ದು, ಪಕ್ಕದಲ್ಲಿ ಅತ್ತೆ ಅಕ್ಕಿ ಆರಿಸುತ್ತಾ ಕೂತಿರುತ್ತಾರೆ! ಮೇಲಾಗಿ ಇದಕ್ಕೆ ದುಡ್ಡು ಕೊಟ್ಟು ಪರವಾನಗಿ ತೆಗೆದುಕೊಳ್ಳಬೇಕು. ನೆಟ್ಟಿನಲ್ಲಿ ಸಿಕ್ಕ ಪಿಡಿಎಫ್ ಜೆರಾಕ್ಸ್ ಮಾಡಿಸುವುದು ಸರಿಯಲ್ಲ. ಮಾಡುವವರು ಎಷ್ಟು ಜನ ಅಂತ ಗೊತ್ತು, ಇರಲಿ.

ಸಿಇಎಸ್-ಡಿ 1977ರದ್ದು, ಜನಸಂಖ್ಯೆಯ ಸಮೀಕ್ಷೆಗೆಂದೇ ಮಾಡಿದ್ದು. 20 ಪ್ರಶ್ನೆ, ಹಿಂದಿನ ಒಂದು ವಾರದ ಬಗ್ಗೆ, 16ರ ಗೆರೆ, ಉಚಿತ. ಕಾಗದದ ಮೇಲೆ ನೋಡಿದರೆ ನಮಗೆ ಬೇಕಾದದ್ದು ಇದೇ ಅನಿಸುತ್ತದೆ. ಆದರೆ ಅದರಲ್ಲಿ ನಾಲ್ಕು ತಿರುಗು ಪ್ರಶ್ನೆಗಳಿವೆ, ಒಳ್ಳೆಯದನ್ನು ಕೇಳಿ ಉಲ್ಟಾ ಅಂಕ ಹಾಕುವಂಥವು. ಒಂದು ಹೀಗಿದೆ: 'ನಾನು ಬೇರೆಯವರಷ್ಟೇ ಒಳ್ಳೆಯವಳು ಅನಿಸಿತು.' ಕುಮಟಾದ ಒಬ್ಬ ಟೀಚರು ಇದನ್ನು ಕೇಳಿ ನಕ್ಕುಬಿಟ್ಟರು. 'ಹಾಗೆಲ್ಲ ನಮ್ಮ ಬಾಯಿಂದಲೇ ಹೇಳೂಕಾಗ್ತದಾ?' ಅಂತ 'ಇಲ್ಲ' ಕ್ಕೆ ಟಿಕ್ ಹಾಕಿದರು. ವಿನಯಕ್ಕೆ ಮೂರು ಅಂಕದ ಖಿನ್ನತೆ! ಜಪಾನಿನಲ್ಲೂ ಈ ನಾಲ್ಕು ಪ್ರಶ್ನೆ ಇದೇ ಥರ ತರಲೆ ಮಾಡಿದ್ದು ಸಂಶೋಧಕರು ಬರೆದಿದ್ದಾರೆ.

ಜಿಎಚ್‌ಕ್ಯೂ-12ಕ್ಕೂ, ಆತಂಕ-ಖಿನ್ನತೆ ಎರಡನ್ನೂ ಕೇಳುವ ಹ್ಯಾಡ್ಸ್‌ಗೂ ಪರವಾನಗಿ ಬೇಕು. ಜಿಎಚ್‌ಕ್ಯೂ ಖಿನ್ನತೆ ಒಂದನ್ನೇ ಅಳೆಯುವುದೂ ಇಲ್ಲ, ಒಟ್ಟು ಮನಸ್ಸಿನ ತೊಳಲಾಟ ಅಳೆಯುತ್ತದೆ. ಅದರ ಉತ್ತರಗಳು 'ಯಾವಾಗಿಗಿಂತ ಜಾಸ್ತಿ', 'ಯಾವಾಗಿನಷ್ಟೇ' ಅನ್ನುವ ಧಾಟಿಯವು. ಹತ್ತು ವರ್ಷದಿಂದ ನಿದ್ದೆ ಇಲ್ಲದವರು 'ಯಾವಾಗಿನಷ್ಟೇ' ಅಂದು ಸಲೀಸಾಗಿ ಪಾಸಾಗುತ್ತಾರೆ.

ಬಾಣಂತಿಯರಿಗೆ, ಗರ್ಭಿಣಿಯರಿಗೆ ಎಡಿನ್‌ಬರೋ ಪ್ರಶ್ನಾವಳಿ. ಇದರಲ್ಲಿ ನನಗೆ ಎರಡನೇ ಮಾತಿಲ್ಲ. 1987ರಲ್ಲಿ ಬಂದದ್ದು, ಹತ್ತು ಪ್ರಶ್ನೆ, 30 ಅಂಕ. ಹಸಿವು, ಸುಸ್ತಿನ ಗೋಜಿಗೇ ಹೋಗುವುದಿಲ್ಲ. ನಿದ್ದೆಯ ಪ್ರಶ್ನೆ ಒಂದೇ, ಅದೂ 'ದುಃಖದಿಂದ ನಿದ್ದೆ ಬರಲಿಲ್ಲವೇ' ಅಂತ. ಕೂಸು ರಾತ್ರಿಯಿಡೀ ಎಬ್ಬಿಸುವ ಮನೆಯಲ್ಲಿ ಈ ವ್ಯತ್ಯಾಸವೇ ಎಲ್ಲ. ಕರ್ನಾಟಕದ ಹಳ್ಳಿಗಳ ಗರ್ಭಿಣಿಯರಲ್ಲಿ ಕನ್ನಡ ಆವೃತ್ತಿಯನ್ನು ಸಂದರ್ಶನದ ಜೊತೆ ತಾಳೆ ಹಾಕಿ ನೋಡಿದ ಅಧ್ಯಯನ 2011ರಲ್ಲೇ ಬಂದಿದೆ, 13ರ ಗೆರೆ ಅಲ್ಲಿ ಚೆನ್ನಾಗಿ ಕೆಲಸ ಮಾಡಿತು. ತಯಾರಿರುವಾಗ ಹೊಸದಾಗಿ ಅನುವಾದಕ್ಕೆ ಕೂರಬೇಡಿ.

ವಯಸ್ಸಾದವರಿಗೆ ಜಿಡಿಎಸ್-15. ಹೌದು-ಅಲ್ಲ ಅಂದರೆ ಸಾಕು, ಮೈ ನೋವಿನ ಪ್ರಶ್ನೆ ಇಲ್ಲ, ಉಚಿತ. ಆದರೆ ಕನ್ನಡದಲ್ಲಿ ಹೌದು-ಅಲ್ಲ ಸುಲಭ ಅಂದುಕೊಂಡರೆ ಕೆಟ್ಟಿರಿ. 'ಊಟ ಸೇರುವುದಿಲ್ಲವಾ ಅಜ್ಜಿ?' ಅಂತ ಕೇಳಿ ನೋಡಿ, 'ಇಲ್ಲ' ಅನ್ನುತ್ತಾರೆ. ಸೇರುವುದಿಲ್ಲ ಅಂತಲಾ, ಹಾಗೇನಿಲ್ಲ ಅಂತಲಾ? ನಕಾರ ಸೇರಿಸಿ ಪ್ರಶ್ನೆ ಮಾಡಲೇಬೇಡಿ.

ಎಸ್‌ಆರ್‌ಕ್ಯೂ-20 ವಿಶ್ವ ಆರೋಗ್ಯ ಸಂಸ್ಥೆಯದ್ದು, ತಲೆನೋವು, ಹೊಟ್ಟೆ ತೊಂದರೆ ಎಲ್ಲ ಕೇಳುತ್ತದೆ, ಹಳ್ಳಿಯವರಿಗೆ ಒಗ್ಗುತ್ತದೆ. ಆದರೆ ಆತಂಕ, ಖಿನ್ನತೆ ಎಲ್ಲ ಕಲಸಿಹೋಗುತ್ತವೆ. ಅದೇ ಸಂಸ್ಥೆಯ ಐದು ಪ್ರಶ್ನೆಯ ಇನ್ನೊಂದು ಪುಟ್ಟ ಫಾರ್ಮಿದೆ, ಡಬ್ಲ್ಯೂಎಚ್‌ಒ-5. ದುಃಖದ ಸುದ್ದಿಯೇ ಎತ್ತುವುದಿಲ್ಲ, ಬರೀ ಖುಷಿ, ಉಲ್ಲಾಸ ಕೇಳುತ್ತದೆ. ಮಾತು ಶುರು ಮಾಡಲಿಕ್ಕೆ ಚೆಂದ.

ಅನುವಾದ ಸರಿ ಇದೆ ಅಂತ ಯಾರು ಹೇಳಿದರು?

ನಾನು ಬಂದರಿಗೆ ಒಯ್ದ ಫಾರ್ಮನ್ನು ದೂರದ ಊರಿನ ತಂಡವೊಂದು ತಯಾರಿಸಿತ್ತು. ಕ್ರಮ ತಪ್ಪಿರಲಿಲ್ಲ. ಇಬ್ಬರು ಇಂಗ್ಲಿಷಿನಿಂದ ಕನ್ನಡಕ್ಕೆ ತಂದರು, ಇನ್ನಿಬ್ಬರು ಮೂಲ ನೋಡದೆ ಕನ್ನಡದಿಂದ ಇಂಗ್ಲಿಷಿಗೆ ವಾಪಸ್ ಮಾಡಿದರು, ಎರಡೂ ಹೊಂದಿತು, ಸಹಿ ಬಿತ್ತು. ಬೇಜಾರು ಅಂತ ಹೋದದ್ದು ದುಃಖ ಅಂತಲೇ ಇಂಗ್ಲಿಷಿಗೆ ಮರಳಿತು, ಯಾಕಂದರೆ ಮರಳಿಸಿದವರಿಗೆ ಅದು ಖಿನ್ನತೆಯ ಫಾರ್ಮು ಅಂತ ಗೊತ್ತಿತ್ತು. ವಾಪಸ್ ಅನುವಾದ ಇಂಥ ತಪ್ಪನ್ನು ಹಿಡಿಯುವುದಿಲ್ಲ. ಹಿಡಿಯುವವರು ಫಾರ್ಮು ತುಂಬುವವರೇ.

ಹಾಗಾಗಿ ಒಂದು ಹತ್ತು ಹದಿನೈದು ಜನರ ಜೊತೆ ಒಂದೊಂದೇ ಪ್ರಶ್ನೆ ಓದಿ, 'ಈಗ ನಾನು ಕೇಳಿದ್ದನ್ನು ನಿಮ್ಮ ಮಾತಲ್ಲಿ ಹೇಳಿ' ಅಂತ ಕೇಳಿ. ಅದರ ಬೆಲೆ ಹತ್ತು ಕೋಷ್ಟಕಕ್ಕಿಂತ ಜಾಸ್ತಿ. 'ಆಸಕ್ತಿ ಕಡಿಮೆಯಾಗಿದೆಯೇ' ಅಂದರೆ ಶಿರಸಿಯ ಒಬ್ಬ ಅಜ್ಜಿ, 'ಈ ವಯಸ್ಸಲ್ಲಿ ಎಂತಾ ಆಸಕ್ತಿ ತಂಗೀ' ಅಂದರು. ಅದನ್ನೇ 'ಮೊದಲು ಖುಷಿಯಿಂದ ಮಾಡುತ್ತಿದ್ದ ಕೆಲಸ ಈಗ ಮಾಡಬೇಕು ಅನಿಸುವುದಿಲ್ಲವೇ' ಅಂತ ಬಿಡಿಸಲು ಹೋದೆ, ಮತ್ತೆ ನಕಾರದ ಗಂಟು. ಕೊನೆಗೆ 'ಯಾವ ಕೆಲಸವೂ ಬೇಡ ಅನಿಸಿದ್ದು ಎಷ್ಟು ದಿನ?' ಅಂದಾಗ ಅಜ್ಜಿ ಸುಮ್ಮನಾದರು, ಆಮೇಲೆ ದಾಸವಾಳ ಕೊಯ್ದು ದೇವರಿಗೆ ಇಡುವುದನ್ನೂ ಬಿಟ್ಟು ತಿಂಗಳಾಯಿತು ಅಂದರು. ಅದೇ ನಮಗೆ ಬೇಕಾಗಿದ್ದ ಉತ್ತರ.

ಪಿಎಚ್‌ಕ್ಯೂ-9ರ ಗಮನದ ಪ್ರಶ್ನೆಯಲ್ಲಿ ಪೇಪರು ಓದುವುದು, ಟಿವಿ ನೋಡುವುದು ಅಂತ ಉದಾಹರಣೆ ಇದೆ. ಪೇಪರು ಓದದವರಿಗೆ ಬಲೆ ಹೆಣೆಯುವುದು, ಸಂಘದ ಲೆಕ್ಕ ಬರೆಯುವುದು ಅಂತ ಬದಲಾಯಿಸಬಹುದು. ಬದಲಾಯಿಸಿದ್ದನ್ನು ಬರೆದಿಡಿ ಅಷ್ಟೇ. ಇಂಗ್ಲಿಷ್ ನುಡಿಗಟ್ಟು ಬಂದ ಕಡೆಯಂತೂ ಪದಕ್ಕೆ ಪದ ಹಾಕಲೇಬೇಡಿ. ಹ್ಯಾಡ್ಸ್‌ನಲ್ಲಿ ಹೊಟ್ಟೆಯಲ್ಲಿ ಚಿಟ್ಟೆ ಹಾರುವ ಭಯದ ಮಾತಿದೆ, ನಮ್ಮಲ್ಲಿ ಎದೆ ಢವಢವ ಅನ್ನುತ್ತದೆ, ಹೊಟ್ಟೆಯಲ್ಲಿ ಕಲಸಿದ ಹಾಗಾಗುತ್ತದೆ. ಎಡಿನ್‌ಬರೋದಲ್ಲಿ ಸಂಗತಿಗಳು ತಲೆ ಮೇಲೆ ಏರಿ ಕೂತ ಅರ್ಥದ ಪ್ರಶ್ನೆಯಿದೆ, ಅದಕ್ಕೆ ನಮ್ಮ ಜಿಲ್ಲೆಯ 'ತಲೆಬಿಸಿ' ಹತ್ತಿರ ಬರುತ್ತದೆ.

'ಅರ್ಧಕ್ಕಿಂತ ಹೆಚ್ಚು ದಿನ' ಅನ್ನುವುದು ಇನ್ನೊಂದು ತಲೆಬಿಸಿ. ಎರಡು ವಾರ ಅಂದರೆ ಎಷ್ಟು? ಕಾರವಾರದಲ್ಲಿ ಭಾನುವಾರದ ಸಂತೆ ಹಿಡಿದು ಕೇಳುತ್ತೇನೆ: 'ಹೋದ ಸಂತೆ, ಅದರ ಹಿಂದಿನ ಸಂತೆ, ಅಲ್ಲಿಂದ ಇಲ್ಲಿವರೆಗೆ.' ಆಮೇಲೆ ಹದಿನಾಲ್ಕು ಹುಣಸೆಬೀಜ ಮುಂದಿಟ್ಟು 'ಎಷ್ಟು ದಿನ ಹಾಗಾಯಿತೋ ಅಷ್ಟು ಈ ಕಡೆ ಸರಿಸಿ' ಅನ್ನುತ್ತೇನೆ. ಏಳು ದಾಟಿದರೆ ಅರ್ಧ ದಾಟಿತು.

ಭಾಷೆಯ ವಿಷಯಕ್ಕೆ ಬಂದರೆ, 'ಕನ್ನಡ ಆವೃತ್ತಿ' ಒಂದಿದ್ದರೆ ಜಿಲ್ಲೆ ಮುಗಿಯಿತು ಅಂದುಕೊಳ್ಳುವುದು ತಮಾಷೆ. ಕಾರವಾರದಲ್ಲಿ ಕೊಂಕಣಿ, ಭಟ್ಕಳದಲ್ಲಿ ನವಾಯತಿ, ಶಿರಸಿ-ಸಿದ್ದಾಪುರದಲ್ಲಿ ಹವ್ಯಕ ಕನ್ನಡ, ಅಂಕೋಲಾ-ಕುಮಟಾದಲ್ಲಿ ಹಾಲಕ್ಕಿ ಮಾತು, ಯಲ್ಲಾಪುರ-ಹಳಿಯಾಳದ ಕಡೆ ಸಿದ್ದಿಯರ ಮಾತು, ಮುಂಡಗೋಡದಲ್ಲಿ ಟಿಬೆಟನ್ನರು. ಕೊಂಕಣಿಗೆ ಮಾಜಾಳಿ ಗಡಿ ದಾಟಿದರೆ ನೆರವು ಸಿಗುತ್ತದೆ. ಗೋವಾದ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಬಂದವರಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಜೊತೆಗಾರರು ಐದು ಫಾರ್ಮುಗಳನ್ನು ಒಟ್ಟಿಗೆ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು. ಜಿಎಚ್‌ಕ್ಯೂ, ಪಿಎಚ್‌ಕ್ಯೂ, ಎಸ್‌ಆರ್‌ಕ್ಯೂ, ಕೆಸ್ಲರ್‌ರ 10 ಮತ್ತು 6 ಪ್ರಶ್ನೆಯವು. ಐದೂ ಪರವಾಗಿಲ್ಲ ಅನ್ನುವಂತೆ ನಡೆದವು, ಜಿಎಚ್‌ಕ್ಯೂ ಮತ್ತು ಎಸ್‌ಆರ್‌ಕ್ಯೂ ಸ್ವಲ್ಪ ಮುಂದೆ. ಅದನ್ನು ಹಾಗೇ ಎತ್ತಿಕೊಂಡು ಬರಬೇಡಿ. ಅಲ್ಲಿ ಕೊಂಕಣಿಗೆ ದೇವನಾಗರಿ, ಇಲ್ಲಿ ಕನ್ನಡ ಶಾಲೆಯಲ್ಲಿ ಓದಿದವರಿಗೆ ಕನ್ನಡ ಲಿಪಿಯೇ ಬೇಕು.

ಸ್ವಂತದ್ದೇ ಒಂದು ಫಾರ್ಮು ಮಾಡಿದರೆ? ಆಗುತ್ತದೆ. ಅಮೃತಸರದಲ್ಲಿ 1974ರಷ್ಟು ಹಿಂದೆಯೇ ಒಂದು ಮಾಡಿದ್ದರು. ಜಿಂಬಾಬ್ವೆಯಲ್ಲಿ ಜನ ಬಳಸುವ ಮಾತುಗಳಿಂದಲೇ 14 ಪ್ರಶ್ನೆಯ, ಅಲ್ಲಿನ ಶೋನಾ ಭಾಷೆಯ ಫಾರ್ಮು ಕಟ್ಟಿದರು, 'ಅತಿಯಾಗಿ ಯೋಚನೆ' ಅನ್ನುವುದು ಅಲ್ಲಿ ಬಹು ಮುಖ್ಯ. ನಮ್ಮಲ್ಲಿ 'ಯೋಚನೆ ಜಾಸ್ತಿಯಾಗಿದೆ' ಅನ್ನದ ಮನೆ ಯಾವುದಿದೆ ಹೇಳಿ? ಆದರೆ ವರ್ಷಗಟ್ಟಲೆ ಕೆಲಸ, ಹೊರಗಿನವರ ಅಂಕಿ ಜೊತೆ ಹೋಲಿಸಲಿಕ್ಕೂ ಬರುವುದಿಲ್ಲ. ಆರು ತಿಂಗಳ ಪ್ರಾಜೆಕ್ಟಿಗೆ ಬೇಡ.

ಗೆರೆ ಎಲ್ಲಿ ಎಳೆಯಬೇಕು

'ಆಲ್ಫಾ 0.87 ಬಂತು, ವ್ಯಾಲಿಡೇಟ್ ಆಯಿತು', ಅಂದರೆ ಫಾರ್ಮು ಅಳೆಯಬೇಕಾದ್ದನ್ನೇ ಅಳೆಯುತ್ತದೆ ಅಂತ ಸಾಬೀತಾಯಿತು, ಅಂತ ಖುಷಿಯಲ್ಲಿ ಫೋನ್ ಮಾಡುತ್ತಾರೆ. ಆಲ್ಫಾ ಅನ್ನುವ ಅಂಕಿ ಹೇಳುವುದು ಪ್ರಶ್ನೆಗಳು ಒಂದಕ್ಕೊಂದು ಹೊಂದಿಕೊಂಡಿವೆ ಅಂತ ಮಾತ್ರ. ಒಂಬತ್ತೂ ಪ್ರಶ್ನೆ ಒಟ್ಟಾಗಿ ಮೀನುಗಾರಿಕೆ ರಜೆಯ ಬೇಜಾರನ್ನು ಅಳೆದರೂ ಆಲ್ಫಾ ಚೆನ್ನಾಗಿಯೇ ಬರುತ್ತದೆ.

ಬೇಕಾದದ್ದು ತಾಳೆ. ಫಾರ್ಮು ತುಂಬಿದವರನ್ನು ಒಂದೆರಡು ದಿನದೊಳಗೆ ತರಬೇತಿ ಇರುವ ಇನ್ನೊಬ್ಬರು, ಫಾರ್ಮಿನ ಅಂಕ ನೋಡದೆ, ಮಿನಿಯಂಥ ಕ್ರಮದಲ್ಲಿ ಸಂದರ್ಶಿಸಬೇಕು. ಆಮೇಲೆ ಯಾವ ಅಂಕದ ಮೇಲೆ ಗೆರೆ ಎಳೆದರೆ ಎಷ್ಟು ಜನ ತಪ್ಪುತ್ತಾರೆ, ಎಷ್ಟು ಜನ ಸುಮ್ನೆ ಸಿಕ್ಕಿಬೀಳುತ್ತಾರೆ ಅಂತ ಒಂದೊಂದೇ ಅಂಕಕ್ಕೆ ನೋಡಿ. 10 ಅನ್ನುವುದು ದೇವರು ಕೊಟ್ಟದ್ದಲ್ಲ, ಇಲ್ಲಿ 8 ಆಗಬಹುದು, 12 ಆಗಬಹುದು. ಮನೆ ಮನೆಗೆ ಹೋದರೆ ಖಿನ್ನತೆ ಇರುವವರು ಸಾಕಷ್ಟು ಸಿಗುವುದಿಲ್ಲ, ಅದಕ್ಕೇ ಹೆಚ್ಚಿನವರು ಒಪಿಡಿಯಲ್ಲಿ ಕೂರುತ್ತಾರೆ. ಕೂರಿ, ಆದರೆ ಅಲ್ಲಿ ಸಿಕ್ಕ ಗೆರೆ ಆಸ್ಪತ್ರೆಗೆ ಬಂದವರದ್ದು ಅಂತ ಬರೆಯಿರಿ. ಗಂಡಸರು-ಹೆಂಗಸರು, ಕರಾವಳಿ-ಘಟ್ಟದ ಮೇಲಿನವರು ಒಂದೇ ಪ್ರಶ್ನೆಗೆ ಒಂದೇ ಥರ ಉತ್ತರಿಸುತ್ತಾರಾ ಅಂತಲೂ ನೋಡಿ. ಮತ್ತೆ ಜೂನ್-ಜುಲೈ 61 ದಿನ ಬೋಟು ನಿಂತಿರುವಾಗ ಮಾತ್ರ ಬಂದರಿನಲ್ಲಿ ಮಾಹಿತಿ ತೆಗೆಯಬೇಡಿ. ನಾನು ತೆಗೆದು ಕೈ ಸುಟ್ಟುಕೊಂಡವಳು.

ಒಟ್ಟಿನಲ್ಲಿ ನನ್ನ ಆಯ್ಕೆ: ಸಾಮಾನ್ಯ ವಯಸ್ಕರಿಗೆ ಪಿಎಚ್‌ಕ್ಯೂ-9, ಮೈಯ ಪ್ರಶ್ನೆಗಳನ್ನು ಬಿಡಿಸಿ ಕೇಳುವ ತರಬೇತಿಯೊಂದಿಗೆ. ಬಸುರಿ-ಬಾಣಂತಿಗೆ ಎಡಿನ್‌ಬರೋ. 60 ದಾಟಿದವರಿಗೆ ಜಿಡಿಎಸ್. ಬೆಕ್ ಬೇಕಿದ್ದರೆ ಕ್ಲಿನಿಕ್ಕಿನವರು ನೋಡಿಕೊಳ್ಳಲಿ.

ಒಂಬತ್ತನೇ ಪ್ರಶ್ನೆ

ಪಿಎಚ್‌ಕ್ಯೂ-9ರ ಕೊನೆಯದು ಸಾವಿನ ಯೋಚನೆಯದ್ದು. ಇದೂ ಜೋಡಿ ಪ್ರಶ್ನೆ: ಸತ್ತರೆ ಒಳ್ಳೆಯದು ಅನಿಸಿತಾ, ಅಥವಾ ನಿಮಗೆ ನೀವೇ ಏನಾದರೂ ಮಾಡಿಕೊಳ್ಳಬೇಕು ಅನಿಸಿತಾ. ನಮ್ಮ ಅಜ್ಜ-ಅಜ್ಜಿಯರು 'ದೇವರು ಬೇಗ ಕರ್ಕೊಂಡ್ರೆ ಸಾಕು' ಅನ್ನುವುದು ಊಟ ಆಯಿತಾ ಅಂದಷ್ಟೇ ಸಹಜ. ಅದಕ್ಕೆ ಅಂಕ ಕೊಟ್ಟು ಗಾಬರಿಯಾಗಬೇಡಿ, ಹಾಗಂತ ತಳ್ಳಿಹಾಕಲೂ ಬೇಡಿ. ಅಲ್ಲೇ ಇನ್ನೊಂದು ಪ್ರಶ್ನೆ ಕೇಳಿ: 'ಹಾಗೆ ಅನಿಸಿದಾಗ ಏನಾದರೂ ಮಾಡಿಕೊಳ್ಳುವ ಯೋಚನೆ ಬಂದಿತ್ತಾ?' ಇದನ್ನು ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಅನ್ನುವುದು ಸುಳ್ಳು. ಅದೇ ಊರಿನ ಪರಿಚಯದವರು ಕೇಳಿದರೆ, ಇಲ್ಲವೇ ಮನೆಯವರು ಕೇಳಿಸಿಕೊಳ್ಳುತ್ತಿದ್ದರೆ, ಉತ್ತರ ಸೊನ್ನೆಯೇ ಬರಬಹುದು, ಅದಕ್ಕೇ ಈ ಪ್ರಶ್ನೆಯನ್ನು ಹೊರಗಿನವರು ಕೇಳಲಿ, ಪಕ್ಕದಲ್ಲಿ ಮನೆಯವರು ಇರದ ಹಾಗೆ ನೋಡಿಕೊಳ್ಳಿ. ಬಾವಿಕಟ್ಟೆಗಾದರೂ ಹೋಗಿ ಕೂರಿ.

ಈ ಪ್ರಶ್ನೆಗೆ 1 ಬಂದರೂ ಯಾರಿಗೆ ಫೋನ್ ಮಾಡಬೇಕು, ಯಾವ ಆಸ್ಪತ್ರೆಯಲ್ಲಿ ಯಾವ ದಿನ ವೈದ್ಯರು ಸಿಗುತ್ತಾರೆ ಅಂತ ಮೊದಲೇ ಬರೆದಿಟ್ಟುಕೊಳ್ಳದೆ ಮೊದಲ ಮನೆಯ ಬಾಗಿಲು ತಟ್ಟಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ. ನಾನು ಆ ಸಂಖ್ಯೆಯನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ಎಲ್ಲರಿಗೂ ಕೊಡುತ್ತೇನೆ, ಅಂಕ ಎಷ್ಟೇ ಇರಲಿ, ಆಗ ಯಾರಿಗೆ ಯಾಕೆ ಕೊಟ್ಟರು ಅನ್ನುವ ಪ್ರಶ್ನೆ ಬರುವುದಿಲ್ಲ. ಮತ್ತೆ ಫಾರ್ಮನ್ನು ಚೀಲಕ್ಕೆ ಹಾಕುವ ಮೊದಲು, ಅಂಗಳ ದಾಟುವ ಮೊದಲು, ಒಂಬತ್ತನೇ ಸಾಲನ್ನು ಇನ್ನೊಮ್ಮೆ ನೋಡುತ್ತೇನೆ.